ಕ್ಯಾಸಿನೋ ಬೋರ್ಡಿನ ಮೇಲೆ ಹಾಡುಗಾರನ ಹೆಸರು ಯಾಕೆ?

ಪ್ರಶ್ನೆ: ಲಾಸ್ ವೇಗಸ್‌ನ ಹಳೇ ಫೋಟೋಗಳಲ್ಲಿ ಕ್ಯಾಸಿನೋ ಮುಂದಿನ ಬೋರ್ಡ್ ತುಂಬ ಹಾಡುಗಾರರ, ಹಾಸ್ಯಗಾರರ ಹೆಸರೇ ಇರುತ್ತದೆ. ಜೂಜಿನ ಸುದ್ದಿಯೇ ಇಲ್ಲ. ಯಾಕೆ ಹಾಗೆ? ಆ ಬೋರ್ಡ್‌ಗಳೆಲ್ಲ ಈಗ ಎಲ್ಲಿವೆ?

ಉತ್ತರ: ಜೂಜಿಗೆ ಬೋರ್ಡ್ ಬೇಕಿರಲಿಲ್ಲ. ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದಲ್ಲಿ 1931ರಿಂದಲೇ ಅದಕ್ಕೆ ಕಾನೂನಿನ ಒಪ್ಪಿಗೆ ಇತ್ತು. ಅದೇ ಇಸ್ಪೀಟು, ಅದೇ ದಾಳ. ಈ ಕ್ಯಾಸಿನೋದಲ್ಲಿ ಸೋತರೂ ಒಂದೇ, ಪಕ್ಕದ್ದರಲ್ಲಿ ಸೋತರೂ ಒಂದೇ. ಹಾಗಿರುವಾಗ ಲಾಸ್ ಏಂಜಲೀಸ್‌ನಿಂದ ಮರುಭೂಮಿ ದಾಟಿ ಕಾರಲ್ಲಿ ಬಂದವನು ಇಲ್ಲೇ ಯಾಕೆ ಬ್ರೇಕ್ ಹಾಕಬೇಕು? ಇವತ್ತು ರಾತ್ರಿ ಒಳಗೆ ಯಾರು ಹಾಡುತ್ತಾರೆ ಅನ್ನೋದಕ್ಕೆ. ಓಡುವ ಕಾರಿನಿಂದಲೇ ಆ ಹೆಸರು ಕಣ್ಣಿಗೆ ಬೀಳಬೇಕಿತ್ತು.

ಹಾಡುಗಾರನಿಗೆ ಕೊಟ್ಟ ದುಡ್ಡು ಟಿಕೆಟ್‌ನಿಂದಲೇ ಹುಟ್ಟಬೇಕೆಂದೇನೂ ಇರಲಿಲ್ಲ. 1955ರಲ್ಲಿ ರಿವಿಯೆರಾ ಎಂಬ ಕ್ಯಾಸಿನೋ ಹೋಟೆಲ್ ಶುರುವಾದಾಗ ಪಿಯಾನೋ ವಾದಕ ಲಿಬರಾಚಿಗೆ ವಾರಕ್ಕೆ 50,000 ಡಾಲರ್ ಕೊಟ್ಟರು. ಷೋಗೆ ಬಂದವರು ಹೋಗುವಾಗ ಬರುವಾಗ ಜೂಜಿನ ಮೇಜುಗಳ ನಡುವೆಯೇ ಹಾಯಬೇಕಲ್ವಾ? ಲೆಕ್ಕ ಅಲ್ಲಿ ಸರಿಹೋಗುತ್ತಿತ್ತು.

ಬೋರ್ಡಿನ ಮೇಲ್ಭಾಗದಲ್ಲಿ ಹೋಟೆಲಿನ ಹೆಸರು, ನಿಯಾನ್ ದೀಪದಲ್ಲಿ. ಗಾಜಿನ ಕೊಳವೆಯನ್ನು ಬೆಂಕಿಯಲ್ಲಿ ಕಾಯಿಸಿ, ಕೈಯಲ್ಲೇ ಬಗ್ಗಿಸಿ, ಒಳಗಿನ ಗಾಳಿ ತೆಗೆದು ಅನಿಲ ತುಂಬುತ್ತಾರೆ. ನಿಯಾನ್ ತುಂಬಿದರೆ ಕೆಂಪು ಬೆರೆತ ಕಿತ್ತಳೆ ಬಣ್ಣ. ನೀಲಿ ಬೇಕಂದರೆ ಆರ್ಗಾನ್ ಜೊತೆ ಒಂದು ಹನಿ ಪಾದರಸ. (ಅಂದರೆ ನೀಲಿ ನಿಯಾನ್ ದೀಪದಲ್ಲಿ ನಿಯಾನೇ ಇರುವುದಿಲ್ಲ!) ಕೆಳಗೆ ಬಿಳಿ ಹಲಗೆ, ಅದರ ಮೇಲೆ ಬಿಡಿ ಬಿಡಿ ಅಕ್ಷರ. ಷೋ ಬದಲಾದಾಗೆಲ್ಲ ಯಾರಾದರೂ ಮೇಲೆ ಹತ್ತಿ ಹಳೇ ಹೆಸರು ಕಿತ್ತು ಹೊಸದು ಜೋಡಿಸಬೇಕು. ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರ ಅಕ್ಷರ ದಪ್ಪ ಅನ್ನೋದನ್ನು ನೋಡಿದರೆ ಸಾಕು, ಕಲಾವಿದನ ಅಂತಸ್ತು ರಸ್ತೆಯಲ್ಲೇ ಗೊತ್ತಾಗುತ್ತಿತ್ತು.

ನನಗೆ ಇಷ್ಟವಾದದ್ದು ಸ್ಯಾಂಡ್ಸ್ ಹೋಟೆಲಿನ ಬೋರ್ಡ್. 1960ರ ಶುರುವಿನಲ್ಲಿ ಫ್ರಾಂಕ್ ಸಿನಾಟ್ರಾ, ಡೀನ್ ಮಾರ್ಟಿನ್, ಸ್ಯಾಮಿ ಡೇವಿಸ್ ಜೂನಿಯರ್, ಪೀಟರ್ ಲಾಫರ್ಡ್, ಜೋಯಿ ಬಿಷಪ್ ಹಗಲು ಸಿನಿಮಾ ಶೂಟಿಂಗ್ ಮಾಡಿ, ರಾತ್ರಿ ಅಲ್ಲಿನ ಕೋಪಾ ರೂಮ್ ಎಂಬ ಷೋ ಹಾಲಿನಲ್ಲಿ ಹಾಡಿ ನಗಿಸುತ್ತಿದ್ದರು. ಐದೂ ಹೆಸರು ಒಂದೇ ಬೋರ್ಡಿನಲ್ಲಿ. ಇನ್ನೊಂದು ಸಲ ಅದೇ ಬೋರ್ಡಿನಲ್ಲಿ ಇಷ್ಟೇ ಇತ್ತು: ಡೀನ್ ಮಾರ್ಟಿನ್, ಬಂದರೂ ಬರಬಹುದು ಫ್ರಾಂಕ್, ಬಂದರೂ ಬರಬಹುದು ಸ್ಯಾಮಿ. ಯಾವ ಫ್ರಾಂಕ್ ಅಂತ ಯಾರೂ ಕೇಳುವ ಹಾಗಿರಲಿಲ್ಲ.

ಆ ಕಾಲವೇ ಚೆನ್ನಾಗಿತ್ತು ಅನ್ನುವವರು ಒಂದು ವಿಷಯ ಮರೆಯುತ್ತಾರೆ. ಸ್ಯಾಮಿ ಡೇವಿಸ್, ನ್ಯಾಟ್ ಕಿಂಗ್ ಕೋಲ್ ಥರದ ಕಪ್ಪು ಕಲಾವಿದರ ಹೆಸರು ಬೋರ್ಡಿನಲ್ಲಿ ಹೊಳೆಯುತ್ತಿದ್ದ ಹೋಟೆಲಿನಲ್ಲೇ ಎಷ್ಟೋ ಸಲ ಅವರಿಗೆ ರೂಮು ಸಿಗುತ್ತಿರಲಿಲ್ಲ. ಚಪ್ಪಾಳೆ ತಟ್ಟಿಸಿಕೊಂಡು, ಊರಿನ ಪಶ್ಚಿಮದ ಬಾಡಿಗೆ ಕೋಣೆಗೆ ಹೋಗಿ ಮಲಗಬೇಕು. ಮೆರವಣಿಗೆ ಮಾಡಿಯೇ ಸಿದ್ಧ ಎಂದು ಕಪ್ಪು ಜನರ ಮುಖಂಡರು ಪಟ್ಟು ಹಿಡಿದ ಮೇಲೆ, 1960ರ ಮಾರ್ಚ್‌ನಲ್ಲಿ ಮಾಲೀಕರು ದಾರಿಗೆ ಬಂದರು.

ಇನ್ನು, ಬೋರ್ಡ್‌ಗಳು ಎಲ್ಲಿ ಹೋದವು? ಸ್ಯಾಂಡ್ಸ್ 1996ರಲ್ಲಿ ನೆಲಸಮವಾಯಿತು. 188 ಅಡಿ ಎತ್ತರದ ಬೋರ್ಡ್ ಇದ್ದ ಸ್ಟಾರ್‌ಡಸ್ಟ್ 2007ರಲ್ಲಿ. ಈಗೆಲ್ಲ ಎಲ್‌ಇಡಿ ಪರದೆ. ಒಂದು ಮುಖ ನೋಡಿ ಮುಗಿಸುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಹಳೆಯವು ಸ್ವಲ್ಪವಾದರೂ ಉಳಿದದ್ದು ಒಂದು ವ್ಯವಹಾರದ ಪುಣ್ಯದಿಂದ. ಎಷ್ಟೋ ಹೋಟೆಲುಗಳು ಬೋರ್ಡನ್ನು ಕೊಳ್ಳದೆ ಬಾಡಿಗೆಗೆ ಹಾಕಿಸಿಕೊಳ್ಳುತ್ತಿದ್ದವು. ಇಳಿಸಿದ ಮೇಲೆ ಅವು ಯೆಸ್ಕೋ ಎಂಬ ಬೋರ್ಡ್ ಕಂಪನಿಯ ಹಿತ್ತಲಲ್ಲಿ ಹೋಗಿ ಬೀಳುತ್ತಿದ್ದವು. ಅಲ್ಲಿಂದ ಹಲವು ಈಗ ನಿಯಾನ್ ಮ್ಯೂಸಿಯಂ ಸೇರಿವೆ. ಅಲ್ಲಿನ ಅಂಗಳಕ್ಕೆ ಬೋನ್‌ಯಾರ್ಡ್ ಅನ್ನುತ್ತಾರೆ, ಮೂಳೆಗಳ ಅಂಗಳ. ಸ್ಟಾರ್‌ಡಸ್ಟಿನ ಮೊನಚಾದ ಅಕ್ಷರಗಳು ಅಲ್ಲಿ ನೆಲಕ್ಕಿಳಿದಿವೆ. ಮೈತುಂಬ ಬಲ್ಬಿನ ಹೋಲ್ಡರ್‌ಗಳು.

ಆ ಮ್ಯೂಸಿಯಂಗೆ ಹೋಗುವ ಬಾಗಿಲು ಲಾ ಕಾಂಚಾ ಎಂಬ ಹಳೇ ಮೋಟೆಲಿನ ಲಾಬಿ. ಚಿಪ್ಪಿನ ಆಕಾರದ ಆ ಕಟ್ಟಡವನ್ನು ಎಂಟು ತುಂಡು ಮಾಡಿ ತಂದು ಮತ್ತೆ ಜೋಡಿಸಿದ್ದಾರೆ. ಆ ಮೋಟೆಲು ತೆರೆದದ್ದು 1961ರಲ್ಲಿ. ಅದರ ನಕ್ಷೆ ಬರೆದವರು ಲಾಸ್ ಏಂಜಲೀಸ್‌ನ ಪಾಲ್ ವಿಲಿಯಮ್ಸ್, ಒಬ್ಬ ಕಪ್ಪು ವಾಸ್ತುಶಿಲ್ಪಿ.