ಶೇ. 99 ಎಂದು ಬರೆಯುವ ಮೊದಲು ರೋಗಿಗಳನ್ನು ಎಣಿಸಿ

ಮಲೆನಾಡಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೊನೆ ವರ್ಷದ ಪ್ರಾಜೆಕ್ಟುಗಳಲ್ಲಿ ಚಿತ್ರ ನೋಡಿ ಕಂಪ್ಯೂಟರ್ ರೋಗ ಹೇಳುವ ಎರಡು ವಿಷಯ ಮತ್ತೆ ಮತ್ತೆ ಬರುತ್ತವೆ: ಅಡಿಕೆಯ ಎಲೆಚುಕ್ಕೆ ರೋಗ ಪತ್ತೆ, ಮೆದುಳಿನ ಗಡ್ಡೆ ಪತ್ತೆ. ಎರಡನೆಯದನ್ನು ಮಾಡಿದ ಕೆಲವರು ಮೆದುಳಿನ ಸಂಶೋಧನೆಯಲ್ಲೇ ಡೇಟಾ ಸೈನ್ಸ್ ಕೆಲಸ ಹುಡುಕುತ್ತಾರೆ. ಒಳ್ಳೆಯ ಆಸೆ. ಈಗ ದತ್ತಾಂಶ ಮುಕ್ತವಾಗಿ ಸಿಗುವುದರಿಂದ ಶಿವಮೊಗ್ಗದಲ್ಲೋ ಸಾಗರದಲ್ಲೋ ಕೂತೇ ಕೆಲಸ ಕಲಿಯಬಹುದು. ಆದರೆ ವರದಿಯಲ್ಲಿ ‘ನಿಖರತೆ ಶೇ. 99’ ಕಂಡ ಕೂಡಲೇ ಈ ಕ್ಷೇತ್ರದವರು ಕೇಳುವ ಮೊದಲ ಪ್ರಶ್ನೆ, ಟೆಸ್ಟ್‌ನಲ್ಲಿ ಎಷ್ಟು ರೋಗಿಗಳಿದ್ದರು? ‘ಆರುನೂರು ಇಮೇಜ್ ಇತ್ತು ಸರ್’ ಎನ್ನುತ್ತಾರೆ ವಿದ್ಯಾರ್ಥಿಗಳು. ರೋಗಿಗಳೆಷ್ಟು ಎಂಬುದು ಗೊತ್ತಿರುವುದಿಲ್ಲ.

ದತ್ತಾಂಶ ಹಂಚುವ ಫಿಗ್‌ಶೇರ್ ತಾಣದಲ್ಲಿರುವ ಪ್ರಸಿದ್ಧ ಗಡ್ಡೆ ಡೇಟಾಸೆಟ್ ನೋಡಿ. 3064 ಸ್ಲೈಸ್‌ಗಳಿವೆ (ಎಂಆರ್‌ಐ ಮೆದುಳನ್ನು ಸೀಳುಸೀಳಾಗಿ ತೋರಿಸುವ ಚಿತ್ರಗಳು), ರೋಗಿಗಳು 233 ಮಾತ್ರ. ಅಂದರೆ ಒಬ್ಬರಿಗೆ ಸರಾಸರಿ 13. ಅಕ್ಕಪಕ್ಕದ ಸ್ಲೈಸ್‌ಗಳಲ್ಲಿ ಅದೇ ತಲೆಬುರುಡೆ, ಅದೇ ಗಡ್ಡೆ, ಅದೇ ಯಂತ್ರದ ನೆರಳು. ಎಲ್ಲವನ್ನೂ ಕಲಸಿ, ಮಾಡೆಲ್‌ಗೆ ಕಲಿಸಲು (ಟ್ರೈನಿಂಗ್) ಶೇ. 80, ಪರೀಕ್ಷಿಸಲು (ಟೆಸ್ಟ್) ಶೇ. 20 ಎಂದು ಭಾಗ ಮಾಡಿದರೆ, ಟೆಸ್ಟ್‌ಗೆ ಬಿದ್ದ ಒಂದು ಸ್ಲೈಸಿನ ಉಳಿದ 12 ಒಡಹುಟ್ಟುಗಳಲ್ಲಿ ಒಂದೂ ಟ್ರೈನಿಂಗ್‌ಗೆ ಹೋಗದಿರುವ ಸಾಧ್ಯತೆ ಸುಮಾರು 24 ಕೋಟಿಯಲ್ಲಿ ಒಂದು. ಮಾಡೆಲ್ ರೋಗಿಯನ್ನು ಗುರುತು ಹಿಡಿಯುತ್ತದೆ, ನೀವು ಗಡ್ಡೆ ಗುರುತು ಹಿಡಿಯಿತು ಎಂದು ಬರೆಯುತ್ತೀರಿ. ಒಂದೇ ಅಡಿಕೆ ಮರದ ಹತ್ತು ಫೋಟೊಗಳನ್ನು ಎರಡೂ ಕಡೆ ಹಂಚಿದರೆ ಆಗುವುದೂ ಇದೇ.

ಇದು ಸಣ್ಣ ಲೋಪವೆಂದು ವಾದಿಸುವವರಿಗಾಗಿ: 2021ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ನಲ್ಲಿ ಬಂದ ಅಧ್ಯಯನವೊಂದು ಓಯಸಿಸ್ ಎಂಬ ಮುಕ್ತ ಸಂಗ್ರಹದ ಮೆದುಳು ಚಿತ್ರಗಳಿಗೆ ಬೇಕೆಂದೇ ಮನಬಂದಂತೆ ಲೇಬಲ್ (ಯಾವ ಗುಂಪಿಗೆ ಸೇರಿದ್ದೆಂಬ ಗುರುತು) ಅಂಟಿಸಿತು. ಕಲಿಯಲು ಅಲ್ಲಿ ಏನೂ ಇರಲಿಲ್ಲ. ಸ್ಲೈಸ್ ಲೆಕ್ಕದಲ್ಲಿ ಭಾಗ ಮಾಡಿದಾಗ ನಿಖರತೆ ಸುಮಾರು ಶೇ. 96, ವ್ಯಕ್ತಿ ಲೆಕ್ಕದಲ್ಲಿ ಮಾಡಿದಾಗ ಶೇ. 50.

ಸರಿಪಡಿಸುವುದು ಅರ್ಧ ದಿನದ ಕೆಲಸ. ಕ್ಯಾಗಲ್ ಎಂಬ ದತ್ತಾಂಶ ತಾಣದ ಜೆಪಿಜಿ ಪ್ರತಿ ಬಿಟ್ಟು ಫಿಗ್‌ಶೇರ್‌ನ ಮೂಲ ಡಾಟ್-ಮ್ಯಾಟ್ (.mat) ಕಡತಗಳನ್ನೇ ಇಳಿಸಿಕೊಳ್ಳಿ. ರೋಗಿಯ ಸಂಖ್ಯೆ ಅಲ್ಲಿ ಪಿಐಡಿ ಎಂಬ ಜಾಗದಲ್ಲಿದೆ. ಪೈಥಾನ್‌ನ ಸೈಪೈ (SciPy) ಲೈಬ್ರರಿ ಅವನ್ನು ತೆರೆಯುವುದಿಲ್ಲ, ಎಚ್5ಪೈ (h5py) ಬೇಕು. ಪಿಐಡಿ ಅಂಕೆಗಳ ಸಾಲಾಗಿ ಬರುತ್ತದೆ, ಒಂದೊಂದನ್ನೂ ಅಕ್ಷರಕ್ಕೆ ತಿರುಗಿಸಿ ಜೋಡಿಸಬೇಕು. ಆಮೇಲೆ ಒಂದು ಗುಂಪನ್ನು ಒಡೆಯದೆ ಭಾಗ ಮಾಡುವ, ಸೈಕಿಟ್-ಲರ್ನ್ ಲೈಬ್ರರಿಯ ಸ್ಟ್ರಾಟಿಫೈಡ್‌ಗ್ರೂಪ್‌ಕೆಫೋಲ್ಡ್‌ಗೆ ಪಿಐಡಿಯನ್ನೇ ಗ್ರೂಪ್ ಆಗಿ ಕೊಡಿ. ಎರಡೂ ಕಡೆಯ ಪಿಐಡಿ ಪಟ್ಟಿಗಳಲ್ಲಿ ಸಾಮಾನ್ಯವಾದದ್ದು ಸೊನ್ನೆ ಎಂದು ಕೋಡಿನಲ್ಲೇ ಪರೀಕ್ಷಿಸಿ, ಇಲ್ಲದಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲಲಿ. ಚಿತ್ರ ತಿರುಗಿಸುವ, ಮಗುಚುವ ಆಗ್ಮೆಂಟೇಶನ್ ಭಾಗ ಮಾಡಿದ ನಂತರ, ಟ್ರೈನಿಂಗ್‌ಗೆ ಮಾತ್ರ. ಮೊದಲೇ ಮಾಡಿ ಆಮೇಲೆ ಹಂಚುವವರು ಅದೇ ತಪ್ಪನ್ನು ಹಿಂಬಾಗಿಲಿನಿಂದ ತರುತ್ತಾರೆ.

ಫಲಿತಾಂಶವನ್ನು ರೋಗಿಯ ಮಟ್ಟದಲ್ಲಿ ಬರೆಯಿರಿ. 233ರಲ್ಲಿ ಐದನೇ ಒಂದು ಭಾಗ ಸುಮಾರು 47 ಜನ. ಒಬ್ಬರು ತಪ್ಪಾದರೆ ಶೇ. 2 ಹೋಯಿತು, ಹಾಗಿರುವಾಗ ದಶಮಾಂಶದ ನಂತರದ ಅಂಕೆಗೆ ಅರ್ಥವಿಲ್ಲ.

ಇನ್ನೊಂದು ಮಾತು. ಕ್ಯಾಗಲ್‌ನ 7023 ಚಿತ್ರಗಳ ಸಂಗ್ರಹ ಮೂರು ಮೂಲಗಳ ಬೆರಕೆ, ‘ಗಡ್ಡೆ ಇಲ್ಲ’ ಗುಂಪು ಬಂದದ್ದು ಬಿಆರ್35ಎಚ್ ಎಂಬ ಬೇರೆಯದೇ ಮೂಲದಿಂದ. ಅಲ್ಲಿ ಮಾಡೆಲ್ ಚಿತ್ರದ ಅಳತೆ, ಅಂಚಿನ ಕಪ್ಪು ನೋಡಿಯೇ ಉತ್ತರ ಹೇಳಿಬಿಡಬಹುದು. ಖಂಡಿತ ಹಾಗೇ ಆಗಿದೆ ಎನ್ನಲಾರೆ, ಆದರೆ ಅಲ್ಲವೆಂದು ತೋರಿಸುವ ಹೊಣೆ ನಿಮ್ಮದು.

ನೀವು ಮುಕ್ತವಾಗಿಡಬೇಕಾದ್ದು ಕೋಡ್, ಯಾವ ಪಿಐಡಿ ಯಾವ ಭಾಗಕ್ಕೆ ಹೋಯಿತೆಂಬ ಪಟ್ಟಿ, ಲೈಬ್ರರಿಗಳ ಆವೃತ್ತಿ, ರ‍್ಯಾಂಡಮ್ ಸೀಡ್ (ಅದೇ ಹಂಚಿಕೆ ಮತ್ತೆ ಬರುವಂತೆ ಮಾಡುವ ಸಂಖ್ಯೆ). ಊರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಪರಿಚಯದವರು ಕೊಟ್ಟ ಸೀಡಿಯನ್ನು ಮಾತ್ರ ಎಲ್ಲೂ ಏರಿಸಬೇಡಿ. ಡೈಕಾಮ್ ಎಂಬ ಸ್ಕ್ಯಾನ್ ಕಡತದಲ್ಲಿ ಹೆಸರು ಅಳಿಸಿದರೂ ಮೂರು ಆಯಾಮದ ಎಂಆರ್‌ಐಯಿಂದ ಮುಖವನ್ನೇ ಮತ್ತೆ ಮೂಡಿಸಬಹುದು. ಅಂಥ ಚಿತ್ರ ಬಳಸಲು ರೋಗಿಯ ಒಪ್ಪಿಗೆ ಬೇಕು, ನೈತಿಕ ಸಮಿತಿಯ ಅನುಮತಿ ಬೇಕು.

ಹೀಗೆ ಮಾಡಿದ ಮೇಲೆ ಅಂಕೆ 85ಕ್ಕೆ ಇಳಿದರೆ ಹೆದರಬೇಡಿ ಮಕ್ಕಳೇ. ಎರಡೂ ಅಂಕೆಗಳನ್ನು ಅಕ್ಕಪಕ್ಕ ಹಾಕಿ, ಅಂತರ ಎಲ್ಲಿಂದ ಬಂತೆಂದು ನಾಲ್ಕು ಸಾಲು ಬರೆದು ಅರ್ಜಿಗೆ ಲಗತ್ತಿಸಿ. ಸಂದರ್ಶನದಲ್ಲಿ ಮಾತು ಶುರುವಾಗುವುದು ಆ ನಾಲ್ಕು ಸಾಲಿನಿಂದ.