ಲಕ್ಷ್ಯಾರ್ಥ: ಮಳೆಗೂ ಕೈ ಇದೆಯೇ?

ಕಾಫಿ ಹೂವು ಅರಳಲು ಬೇಕಾದ ಬೇಸಿಗೆ ಮಳೆಗೆ ಕೊಡಗಿನಲ್ಲಿ ಹೂಮಳೆ ಎನ್ನುತ್ತಾರೆ. ಮಾರ್ಚ್ ಬಂದರೂ ಮೋಡ ಕಟ್ಟದಿದ್ದರೆ ಕೊಡಗಿನ ಕಾಫಿ ಬೆಳೆಗಾರರ ಮನೆಗಳಲ್ಲಿ "ಈ ಸಲ ಹೂಮಳೆ ಕೈಕೊಟ್ಟಿತು" ಎಂಬ ಮಾತು ಕೇಳಿಬರುತ್ತದೆ. ನಮ್ಮ ಮನೆಯ ಐದು ವರ್ಷದ ಮಗು ಅದನ್ನು ಕೇಳಿಸಿಕೊಂಡು, "ಮಳೆಗೂ ಕೈ ಇದೆಯಾ?" ಎಂದಿತು. ಮಗು ತಪ್ಪು ಕೇಳಲಿಲ್ಲ. ಲಕ್ಷ್ಯಾರ್ಥದ ವಿವರಣೆ ಆರಂಭವಾಗಬೇಕಾದದ್ದೇ ಆ ಪ್ರಶ್ನೆಯಿಂದ.

ಪದ ನೇರವಾಗಿ ತಿಳಿಸುವ ಅರ್ಥ ವಾಚ್ಯಾರ್ಥ. ಅದು ವಾಕ್ಯದಲ್ಲಿ ಹೊಂದದೆ ಹೋದಾಗ, ಅದಕ್ಕೆ ಸಂಬಂಧಪಟ್ಟ ಇನ್ನೊಂದು ಅರ್ಥವನ್ನು ರೂಢಿಯಿಂದಲೋ, ಒಂದು ವಿಶೇಷ ಪ್ರಯೋಜನಕ್ಕಾಗಿಯೋ ಗ್ರಹಿಸುತ್ತೇವೆ, ಅದು ಲಕ್ಷ್ಯಾರ್ಥ. 11ನೇ ಶತಮಾನದ ಕಾಶ್ಮೀರದ ಮಮ್ಮಟ ಸೇರಿದಂತೆ ಆಲಂಕಾರಿಕರು (ಕಾವ್ಯಶಾಸ್ತ್ರ ಬರೆದವರು) ಇದಕ್ಕೆ ಕೊಡುವ ಉದಾಹರಣೆ "ಗಂಗೆಯಲ್ಲಿ ಗೊಲ್ಲರಹಳ್ಳಿ" ಎಂಬುದು. ಹರಿಯುವ ನೀರಿನ ಮೇಲೆ ಹಳ್ಳಿ ನಿಲ್ಲಲಾರದಾದ್ದರಿಂದ ಗಂಗೆ ಎಂದರೆ ಅಲ್ಲಿ ಗಂಗೆಯ ದಡ. ಆದರೂ ದಡ ಎನ್ನದೆ ಗಂಗೆ ಎಂದದ್ದರಿಂದ ಆ ನೀರಿನ ತಂಪು, ಪಾವಿತ್ರ್ಯ ಹಳ್ಳಿಗೂ ತಾಗುತ್ತದೆ.

ಮನೆಯಲ್ಲಿ ಕಲಿಸುವವರಿಗೆ ರೂಢಿ ಮತ್ತು ಪ್ರಯೋಜನಗಳ ನಡುವಿನ ಈ ಭೇದ ಬಹಳ ಮುಖ್ಯವೆಂದು ನನ್ನ ಅನಿಸಿಕೆ. "ಹುತ್ತರಿ ಕೋಲಾಟ ನೋಡಲು ಇಡೀ ಊರೇ ಮಂದ್‌ಗೆ ಬಂದಿತ್ತು" (ಹುತ್ತರಿ ಕೊಡಗಿನ ಸುಗ್ಗಿಹಬ್ಬ, ಮಂದ್ ಊರಿನವರು ಸೇರುವ ಮೈದಾನ) ಎಂದಾಗ ಊರಿಗೂ ಜನರಿಗೂ ಇರುವ ಸಂಬಂಧ ಕಣ್ಣೆದುರೇ ಇದೆ, ಎಲ್ಲರೂ ಬಂದರೆಂದು ಒತ್ತಿ ಹೇಳುವುದೇ ಇಲ್ಲಿನ ಪ್ರಯೋಜನ. "ಮನೆಗಳೂ ಗದ್ದೆಗಳೂ ನಡೆದು ಬಂದವೇ?" ಎಂದು ಕೇಳಿದರೆ ಸಾಕು, ನಾಲ್ಕೈದು ವರ್ಷದ ಮಗು ನಕ್ಕು "ಅಲ್ಲ, ಜನ" ಎನ್ನುತ್ತದೆ. ಇಲ್ಲಿ ಅರ್ಥವನ್ನು ನಾವು ಹೇಳಬಾರದು, ಮಗುವೇ ಕಂಡುಕೊಳ್ಳಬೇಕು. "ಕೈಕೊಡು" ಹಾಗಲ್ಲ. ಕೈಗೂ ಮೋಸಕ್ಕೂ ಏನು ನಂಟೆಂಬುದು ಇಂದು ದೊಡ್ಡವರಿಗೂ ಕಾಣುವುದಿಲ್ಲ, ರೂಢಿಯೊಂದೇ ಅದನ್ನು ಹಿಡಿದು ನಿಲ್ಲಿಸಿದೆ. ಇಂಥ ನುಡಿಗಟ್ಟನ್ನು ಊಹಿಸು ಎಂದು ಮಗುವನ್ನು ಒತ್ತಾಯಿಸುವುದು ಅನ್ಯಾಯ. ನಂಬಿಕೊಂಡದ್ದು ಬೇಕಾದ ಹೊತ್ತಿಗೆ ಒದಗದಿದ್ದರೆ ಹೀಗೆನ್ನುತ್ತೇವೆ ಎಂದು ನೇರವಾಗಿ ತಿಳಿಸಿ, ಅಂಥ ಸಂದರ್ಭ ಬಂದಾಗಲೆಲ್ಲ ಅದೇ ಮಾತನ್ನು ಬಳಸುತ್ತಿರಬೇಕು.

ಹೂಮಳೆ ಎಂಬ ಪದವೂ ಸ್ವಾರಸ್ಯಕರವಾದುದು. ಕಥೆಯಲ್ಲಿ ದೇವತೆಗಳು ಸುರಿಸುವ ಹೂಮಳೆಯಲ್ಲಿ ಬೀಳುವುದು ಹೂವು. ತೋಟದ ಹೂಮಳೆಯಲ್ಲಿ ಬೀಳುವುದು ನೀರೇ, ಹೂವು ಅರಳುವುದು ಸುಮಾರು ಒಂದು ವಾರದಿಂದ ಹತ್ತು ದಿನಗಳ ಬಳಿಕ. ಎರಡನ್ನೂ ಚಿತ್ರ ಬರೆಯಲು ಹೇಳಿದರೆ ಒಂದೇ ಪದ ಎರಡು ಕಡೆ ಎರಡು ಬಗೆಯಾಗಿ ನಿಲ್ಲುವುದು ಮಗುವಿಗೆ ತಾನಾಗಿ ಹೊಳೆಯುತ್ತದೆ.

ಹೋಲಿಕೆಗಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಅರಳಿದ ಕಾಫಿ ತೋಟವನ್ನು ಹಿಮ ಬಿದ್ದಂತಿದೆ ಎನ್ನುವುದು ವಾಡಿಕೆ, ಆದರೆ ಕೊಡಗಿನ ಮಗು ಹಿಮವನ್ನು ಕಂಡಿಲ್ಲ. ಮಂಜು ಎಂದರೆ ಅದಕ್ಕೆ ಬೆಳಗ್ಗೆ ಅಂಗಳಕ್ಕೆ ಇಳಿಯುವ ಕಾವಳ. ಉಪಮಾನ (ಹೋಲಿಕೆಗೆ ತರುವ ವಸ್ತು) ಮಗುವಿಗೆ ಉಪಮೇಯಕ್ಕಿಂತ (ಹೋಲಿಸಲಾಗುವ ವಸ್ತುವಿಗಿಂತ) ಹೆಚ್ಚು ಪರಿಚಿತವಾಗಿರಬೇಕು. ಕೊಂಬೆಗೆ ಮಲ್ಲಿಗೆ ದಂಡೆ ಸುತ್ತಿದಂತಿದೆ ಎಂದರೆ ಬಣ್ಣ, ಆಕಾರ, ಪರಿಮಳ ಮೂರೂ ಒಟ್ಟಿಗೆ ಒದಗುತ್ತವೆ. ಮನೆಮಾತು ಕೊಡವ ತಕ್ಕ್ ಅಥವಾ ಅರೆಭಾಷೆಯಾಗಿದ್ದರೆ ಆ ಭಾಷೆಯ ನುಡಿಗಟ್ಟುಗಳಿಂದಲೇ ತೊಡಗುವುದು ಸರಿ, ಕನ್ನಡದವು ಅವುಗಳ ಪಕ್ಕದಲ್ಲಿ ಬಂದು ಕೂರುತ್ತವೆ.

ಅರ್ಥ ಒಪ್ಪಿಸಿದ ಮಾತ್ರಕ್ಕೆ ಮಗು ಕಲಿತಿತೆನ್ನಲಾಗದು. ಕೇಳಿದ ಮಾತನ್ನು ಹೊಸ ಜಾಗಕ್ಕೆ ಒಯ್ದಾಗ ಕಲಿತಂತೆ. ಅದೇ ವರ್ಷ ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಮಳೆಗೆ ಕರೆಂಟು ಹೋದ ಒಂದು ರಾತ್ರಿ, ಹೊತ್ತಿಸಿದ ಟಾರ್ಚು ಎರಡು ಸಲ ಮಿನುಗಿ ಆರಿತು. ಕತ್ತಲೆಯಲ್ಲಿ ಮಗುವಿನ ದನಿ ಬಂತು: "ಟಾರ್ಚೂ ಕೈಕೊಟ್ಟಿತು."