ಬಾಗಿಲು, ಅಜೆಂಡಾ, ಚೌಕಟ್ಟು: ಮೂರಕ್ಕೂ ಒಂದೇ ಅಳತೆಗೋಲು ಸಾಲದು

ಪತ್ರಿಕೋದ್ಯಮ ವಿಭಾಗಗಳಲ್ಲಿ ಪ್ರತಿವರ್ಷ ಸಿದ್ಧವಾಗುವ ಕಿರುಪ್ರಬಂಧಗಳಲ್ಲಿ ಒಂದು ಬಗೆಯದು ಕಾಯಂ. ಎರಡು ಕನ್ನಡ ಪತ್ರಿಕೆಗಳ ಮೂರು ತಿಂಗಳ ಸಂಚಿಕೆಗಳನ್ನು ಗುಡ್ಡೆ ಹಾಕಿಕೊಂಡು, ನೀರಿನ ಸುದ್ದಿ ಎಷ್ಟು, ರೈತರ ಸುದ್ದಿ ಎಷ್ಟು ಎಂದು ಎಣಿಸುವುದು. ಮೊದಲ ಅಧ್ಯಾಯದಲ್ಲಿ ಗೇಟ್‌ಕೀಪಿಂಗ್ (ಯಾವ ಸುದ್ದಿ ಒಳಗೆ, ಯಾವುದು ಹೊರಗೆ ಎಂಬ ಆಯ್ಕೆ), ಅಜೆಂಡಾ ಸೆಟ್ಟಿಂಗ್ (ಯಾವ ವಿಷಯ ಮುಖ್ಯ ಎಂದು ಓದುಗರಿಗೆ ಅನಿಸುವಂತೆ ಮಾಡುವುದು), ಫ್ರೇಮಿಂಗ್ (ಸುದ್ದಿಯನ್ನು ಯಾವ ಚೌಕಟ್ಟಿನಲ್ಲಿ ತೋರಿಸುತ್ತಾರೆ ಎಂಬುದು) ಎಂದು ಎರಡೆರಡು ಪುಟ ಬರೆಯುವುದು. ಕೊನೆಯ ಅಧ್ಯಾಯದಲ್ಲಿ ಮೂರೂ ಸಾಬೀತಾಯಿತು ಎನ್ನುವುದು. ಎಣಿಕೆ ಸರಿಯಾಗಿಯೇ ಇರಬಹುದು, ಆದರೆ ಅದರಿಂದ ಮೊದಲೆರಡು ಸಾಬೀತಾಗುವುದಿಲ್ಲ. ಗೇಟ್‌ಕೀಪಿಂಗ್ ಅಳೆಯಲು ಡೆಸ್ಕಿಗೆ (ಸುದ್ದಿ ತಿದ್ದಿ ಪುಟ ಕಟ್ಟುವ ವಿಭಾಗಕ್ಕೆ) ಬಂದದ್ದೂ ಬೇಕು, ಅಚ್ಚಾದದ್ದೂ ಬೇಕು. ಅಜೆಂಡಾ ಅಳೆಯಲು ಪುಟದ ಜೊತೆಗೆ ಓದುಗರೂ ಬೇಕು. ಅಚ್ಚಾದ ಪುಟವೊಂದನ್ನೇ ಇಟ್ಟುಕೊಂಡು ಮಾಡಬಹುದಾದದ್ದು ಮೂರನೆಯದು ಮಾತ್ರ. ಅದೂ ಅಂದುಕೊಂಡಷ್ಟು ಸುಲಭವಲ್ಲ.

ಒಂದು ಮಾದರಿ ಸುದ್ದಿ ಇಟ್ಟುಕೊಳ್ಳೋಣ. ಏಪ್ರಿಲ್ ತಿಂಗಳು. ಯಾವುದೋ ತಾಲ್ಲೂಕಿನ ಒಂದು ಹಳ್ಳಿ. ಹೆಂಗಸರು ಖಾಲಿ ಕೊಡ ಹಿಡಿದು ರಾಜ್ಯ ಹೆದ್ದಾರಿಯಲ್ಲಿ ಕೂತಿದ್ದಾರೆ. ತಾಲ್ಲೂಕು ವರದಿಗಾರ 150 ಪದ, ಎರಡು ಫೋಟೊ ಕಳಿಸಿದ್ದಾನೆ.

ಇದು ಪುಟ ಸೇರುತ್ತದೋ ಇಲ್ಲವೋ ಎಂಬುದು ಬಾಗಿಲಿನ ಪ್ರಶ್ನೆ. ಈ ಪರಿಕಲ್ಪನೆ ಹುಟ್ಟಿದ್ದು ಪತ್ರಿಕಾ ಕಚೇರಿಯಲ್ಲಲ್ಲ, ಅಡುಗೆಮನೆಯಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮನೆಗಳಲ್ಲಿ ಯಾವ ಆಹಾರ ಊಟದ ಮೇಜಿಗೆ ಬರುತ್ತದೆ, ಅದನ್ನು ತೀರ್ಮಾನಿಸುವವರು ಯಾರು ಎಂದು ಮನೋವಿಜ್ಞಾನಿ ಕರ್ಟ್ ಲೆವಿನ್ ಹುಡುಕುತ್ತಿದ್ದ. ಅಂಗಡಿಯಿಂದ ತಟ್ಟೆಯವರೆಗಿನ ದಾರಿಯಲ್ಲಿ ಹಲವು ಬಾಗಿಲು, ಹೆಚ್ಚಿನವಕ್ಕೆ ಗೃಹಿಣಿಯೇ ಕಾವಲು. ಇದೇ ನೋಟವನ್ನು ಡೇವಿಡ್ ಮ್ಯಾನಿಂಗ್ ವೈಟ್ ಸುದ್ದಿಗೆ ಹೊಂದಿಸಿದ. 1949ರ ಫೆಬ್ರುವರಿಯಲ್ಲಿ ಸಣ್ಣ ಪತ್ರಿಕೆಯೊಂದರ ಟೆಲಿಗ್ರಾಫ್ ಸುದ್ದಿ ಸಂಪಾದಕನನ್ನು ಒಂದು ವಾರ ಹಿಂಬಾಲಿಸಿದ. ಫಲಿತಾಂಶವನ್ನು 1950ರಲ್ಲಿ ಪ್ರಕಟಿಸಿದ. ಆ ವಾರ ಸುದ್ದಿಸಂಸ್ಥೆಗಳಿಂದ ಬಂದದ್ದು ಸುಮಾರು 12,400 ಕಾಲಂ ಇಂಚು (ಒಂದು ಕಾಲಂ ಅಗಲ, ಒಂದು ಇಂಚು ಎತ್ತರದ ಜಾಗ), ಬಳಕೆಯಾದದ್ದು 1,297. ಹತ್ತರಲ್ಲಿ ಒಂದು ಪಾಲು.

ಪಠ್ಯಗಳೆಲ್ಲ ಈ ಅಂಕಿ ಕೊಡುತ್ತವೆ, ಅದನ್ನು ಪಡೆದ ಬಗೆಯನ್ನು ಹೇಳುವುದು ಕಡಿಮೆ. ಆ ಸಂಪಾದಕ ಬೇಡವೆಂದು ಬಿಟ್ಟ ಹಾಳೆಗಳನ್ನೆಲ್ಲ ಎತ್ತಿಟ್ಟುಕೊಳ್ಳುತ್ತಿದ್ದ. ಪುಟ ಮುಗಿದ ಮೇಲೆ ಕೂತು ಒಂದೊಂದರ ಮೇಲೂ ಕಾರಣ ಗೀಚುತ್ತಿದ್ದ. ಅಧ್ಯಯನದ ಜೀವ ಇರುವುದು ಆ ತಿರಸ್ಕೃತ ಹಾಳೆಗಳಲ್ಲೇ. ನಮ್ಮ ಕಿರುಪ್ರಬಂಧಗಳಲ್ಲಿ ಕಾಣೆಯಾಗಿರುವುದೂ ಅವೇ.

ಇಂದಿನ ಜಿಲ್ಲಾ ಪುಟದ ಲೆಕ್ಕ ನೋಡಿ. ಪುಟ 8 ಕಾಲಂ ಅಗಲ, 52 ಸೆಂ.ಮೀ. ಎತ್ತರ ಇದ್ದರೆ ಒಟ್ಟು 416 ಕಾಲಂ ಸೆಂ.ಮೀ. ಕೆಳಗಡೆ ಅರ್ಧ ಪುಟ ಜಾಹೀರಾತು ಕೂತರೆ 208 ಹೋಯಿತು. ಮೇಲಿನ ಪಟ್ಟಿಗೆ 16. ಉಳಿದ 192ರಲ್ಲಿ ಮೂರು ಕಾಲಮ್ಮಿನ ಲೀಡ್, ಅಂದರೆ ಪುಟದ ಮುಖ್ಯ ಸುದ್ದಿ, ಫೋಟೊ ಸಮೇತ, 60 ತಿನ್ನುತ್ತದೆ. ಇನ್ನುಳಿದದ್ದು 132. ಸಾಮಾನ್ಯ ಅಕ್ಷರ ಗಾತ್ರದಲ್ಲಿ ಒಂದು ಕಾಲಂ ಸೆಂಟಿಮೀಟರಿಗೆ ಅಂದಾಜು ಏಳು ಕನ್ನಡ ಪದ ಹಿಡಿಯುತ್ತವೆ. ಹಾಗಾಗಿ 150 ಪದದ ಸುದ್ದಿ ತಲೆಬರಹ ಸೇರಿ 24 ಬೇಡುತ್ತದೆ. ಅಂದರೆ ಲೀಡ್ ಬಿಟ್ಟರೆ ಐದು ಸುದ್ದಿ, ಮೇಲೊಂದು ಚುಟುಕು. ಆರು ತಾಲ್ಲೂಕಿನ ಸುದ್ದಿ ಒಂದೇ ಪುಟಕ್ಕೆ ಬರುವಾಗ ಖಾಲಿ ಕೊಡದ ಭವಿಷ್ಯ ನಿಂತಿರುವುದು ಸಂಪಾದಕೀಯ ನೀತಿಗಿಂತ ಹೆಚ್ಚಾಗಿ ಈ 132ರ ಮೇಲೆ. ಸಂಜೆ ಏಳಕ್ಕೆ ಕಾಲು ಪುಟದ ಶ್ರದ್ಧಾಂಜಲಿ ಜಾಹೀರಾತೊಂದು ಬಂದರಂತೂ ಮುಗಿಯಿತು.

ಇದನ್ನು ನಿಜವಾಗಿ ಅಳೆಯಬೇಕಾದರೆ ಡೆಸ್ಕಿನ ಅನುಮತಿ ಪಡೆದು ಏಳು ದಿನ ಕೂರಬೇಕು. ಬಂದ ಪ್ರತಿ ಸುದ್ದಿಗೂ ಒಂದು ಸಾಲು: ಬಂದ ಹೊತ್ತು, ಪದಗಳ ಸಂಖ್ಯೆ, ಮೂಲ (ವರದಿಗಾರನೇ ಹೋದದ್ದೋ, ಪ್ರೆಸ್‌ನೋಟೋ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಿಕೊಂಡದ್ದೋ), ಬಳಕೆಯಾಯಿತೇ, ಎಷ್ಟು ಕತ್ತರಿಸಿದರು, ಬಿಟ್ಟರೆ ಏಕೆ. ಕಾರಣವನ್ನು ಅದೇ ರಾತ್ರಿ ಕೇಳಬೇಕು. ಮರುದಿನ ಕೇಳಿದರೆ ಎಲ್ಲಕ್ಕೂ ಸಿಗುವ ಉತ್ತರ ಒಂದೇ: ‘ಜಾಗ ಇರಲಿಲ್ಲ.’ ‘ಬಂದ ಹೊತ್ತು’ ಎಂಬ ಅಂಕಣವನ್ನು ಬಿಡಲೇಬಾರದು. ಮಧ್ಯಾಹ್ನ ಮೂರಕ್ಕೆ ಬಂದ ಸಾಧಾರಣ ಸುದ್ದಿ ಪುಟದಲ್ಲಿ ಕೂತುಬಿಟ್ಟಿರುತ್ತದೆ. ರಾತ್ರಿ ಎಂಟಕ್ಕೆ ಬಂದ ಒಳ್ಳೆಯ ಸುದ್ದಿ ಅದನ್ನು ಎಬ್ಬಿಸಬೇಕಾಗುತ್ತದೆ. ಎಬ್ಬಿಸುವುದು ಕೆಲಸ, ಕೂರಿಸುವುದು ಸಲೀಸು. ಇಷ್ಟಾದರೂ ಒಂದು ಬಾಗಿಲು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ವರದಿಗಾರ ಬರೆಯದೇ ಬಿಟ್ಟ ಸುದ್ದಿ ಡೆಸ್ಕಿನ ಪಟ್ಟಿಯಲ್ಲಿ ಎಲ್ಲಿಂದ ಬರಬೇಕು? ಸುದ್ದಿ ಸಂಗ್ರಹಿಸುವವರದು ಒಂದು ಬಾಗಿಲು, ಸಂಸ್ಕರಿಸುವವರದು ಇನ್ನೊಂದು ಎಂದು 1969ರಲ್ಲೇ ಅಬ್ರಹಾಂ ಬಾಸ್ ಬೇರ್ಪಡಿಸಿದ್ದು ಇದಕ್ಕೇ.

ಅಜೆಂಡಾ ಬೇರೆಯದೇ ಪ್ರಾಣಿ. ಒಂದು ಸುದ್ದಿಯ ಅಳಿವು ಉಳಿವು ಇಲ್ಲಿ ಲೆಕ್ಕಕ್ಕಿಲ್ಲ. ವಾರಗಟ್ಟಲೆ ಒಂದು ವಿಷಯಕ್ಕೆ ಸಿಕ್ಕ ಜಾಗ, ಓದುಗರ ಮನಸ್ಸಿನಲ್ಲಿ ಆ ವಿಷಯಕ್ಕಿರುವ ಸ್ಥಾನವನ್ನು ಮೇಲೆತ್ತುತ್ತದೆಯೇ ಎಂಬುದು ಪ್ರಶ್ನೆ. 1968ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯ ಹೊತ್ತಿನಲ್ಲಿ ಮ್ಯಾಕ್ಸ್‌ವೆಲ್ ಮೆಕೂಂಬ್ಸ್, ಡೊನಾಲ್ಡ್ ಶಾ ಇಬ್ಬರೂ ಚಾಪೆಲ್ ಹಿಲ್ ಊರಿನಲ್ಲಿ ಇನ್ನೂ ಮನಸ್ಸು ಗಟ್ಟಿ ಮಾಡಿಕೊಳ್ಳದ 100 ಮತದಾರರನ್ನು ಮಾತಾಡಿಸಿದರು. ಅವರು ಹೇಳಿದ ಮುಖ್ಯ ವಿಷಯಗಳ ಕ್ರಮವನ್ನು ಮಾಧ್ಯಮಗಳು ಕೊಟ್ಟ ಒತ್ತಿನ ಕ್ರಮದ ಜೊತೆ ಹೋಲಿಸಿದರು. 1972ರಲ್ಲಿ ಪ್ರಕಟವಾದ ಸಹಸಂಬಂಧ 0.967 (1 ಎಂದರೆ ಪೂರ್ತಿ ಹೊಂದಿಕೆ). ಈ ಸಂಖ್ಯೆ ನೋಡಿ ಮೈಮರೆಯುವ ಮೊದಲು ವಿಷಯಗಳೆಷ್ಟಿದ್ದವು ನೋಡಬೇಕು: ಐದು. ನೀವೂ ಐದೇ ವಿಷಯ ಇಟ್ಟುಕೊಂಡು ಸ್ಪಿಯರ್‌ಮನ್ ಶ್ರೇಣಿ ಸಹಸಂಬಂಧ (ಎರಡು ಕ್ರಮಗಳ ಹೊಂದಿಕೆಯ ಅಳತೆ) ತೆಗೆದರೆ, 0.9 ಬಂದರೂ ಎರಡು ಬದಿಯ ಪರೀಕ್ಷೆಯಲ್ಲಿ ಶೇ 5ರ ಮಟ್ಟ ದಾಟುವುದಿಲ್ಲ, ಅಂದರೆ ಅದು ಆಕಸ್ಮಿಕವಲ್ಲ ಎನ್ನಲು ಸಾಲದು. ಎಂಟು ವಿಷಯ ಇದ್ದರೆ 0.738 ಸಾಕು. ಹಾಗಾಗಿ ‘ಇತರೆ’ ಎಂಬ ಡಬ್ಬಕ್ಕೆ ತುಂಬುವುದನ್ನು ಕಡಿಮೆ ಮಾಡಿ, ಎಂಟು ಹತ್ತು ವಿಷಯಗಳನ್ನಾದರೂ ಬಿಡಿಸಿಟ್ಟುಕೊಳ್ಳಿ.

ಇನ್ನು ನಮ್ಮ ಖಾಲಿ ಕೊಡ. ಅಜೆಂಡಾ ಪರೀಕ್ಷೆಗೆ ಇದಕ್ಕಿಂತ ಕೆಟ್ಟ ವಿಷಯ ಸಿಗುವುದು ಕಷ್ಟ. ನಲ್ಲಿ ಒಣಗಿದೆ ಎಂದು ತಿಳಿಯಲು ಯಾರಿಗೂ ಪೇಪರ್ ಬೇಕಿಲ್ಲ. ಜನ ಸ್ವತಃ ಅನುಭವಿಸುವ ವಿಷಯಗಳಲ್ಲಿ ಮಾಧ್ಯಮದ ಪ್ರಭಾವ ಕುಗ್ಗುತ್ತದೆ, ಅನುಭವಕ್ಕೆ ದೂರವಾದ ವಿಷಯಗಳಲ್ಲಿ ಹಿಗ್ಗುತ್ತದೆ ಎಂದು ಹೆರಾಲ್ಡ್ ಝುಕರ್ 1978ರಲ್ಲಿ ತೋರಿಸಿದ. ಹಳ್ಳಿಯವರೂ ‘ನೀರು’ ಎಂದರು, ಪತ್ರಿಕೆಯಲ್ಲೂ ‘ನೀರು’ ಇತ್ತು, ಆದ್ದರಿಂದ ಪತ್ರಿಕೆಯೇ ಅಜೆಂಡಾ ಹಾಕಿತು ಎನ್ನುವುದು ಬುಡಮೇಲು ವಾದ. ಕೊಡ ಹಿಡಿದು ಕೂತವರೇ ಪತ್ರಿಕೆಗೆ ಅಜೆಂಡಾ ಹಾಕಿರಬಹುದು. ಪ್ರಶ್ನೆಯ ಮಾತೂ ಉತ್ತರವನ್ನು ತಿರುಗಿಸುತ್ತದೆ. ‘ನಿಮ್ಮ ಊರಿನ ದೊಡ್ಡ ಸಮಸ್ಯೆ ಯಾವುದು’ ಎಂದರೆ ಚರಂಡಿ, ನೀರು, ಬಸ್ಸು. ‘ದೇಶದ ಮುಂದಿರುವ ದೊಡ್ಡ ಸಮಸ್ಯೆ’ ಎಂದರೆ ಹಿಂದಿನ ರಾತ್ರಿ ಟಿ.ವಿ.ಯಲ್ಲಿ ಕಂಡದ್ದು.

ಕನ್ನಡ ಪತ್ರಿಕೆಗಳಲ್ಲಿ ಇನ್ನೆರಡು ಗುಂಡಿಗಳಿವೆ. ಒಂದು ಆವೃತ್ತಿ. ಬೆಂಗಳೂರು ಆವೃತ್ತಿಯ ಇ-ಪೇಪರ್ ಎಣಿಸಿ, ಸಮೀಕ್ಷೆಯನ್ನು ರಾಯಚೂರಿನಲ್ಲಿ ಮಾಡಿದರೆ ಓದುಗರ ಕೈಗೆ ಬಾರದ ಪುಟವನ್ನು ಅಳೆದಂತಾಯಿತು. ಜಿಲ್ಲಾ ಪುಟ ಆ ಜಿಲ್ಲೆಗೆ ಮಾತ್ರ. ಸಮೀಕ್ಷೆ ಎಲ್ಲಿಯೋ ಅಲ್ಲಿಗೆ ಹೋಗುವ ಬಂಡಲ್ಲೇ ಬೇಕು. ಇನ್ನೊಂದು ಹುಡುಕಾಟ. ಕಂಪ್ಯೂಟರಿನಲ್ಲಿ ‘ನೀರು’ ಎಂದು ಹುಡುಕಿದರೆ ನೀರಿಗೆ, ನೀರಿನ, ನೀರಿಲ್ಲದೆ, ನೀರಿಗಾಗಿ ಯಾವುದೂ ಸಿಗುವುದಿಲ್ಲ, ‘ಉ’ಕಾರ ಬಿದ್ದುಹೋಗಿರುತ್ತದೆ. ‘ನೀರ’ ಎಂದರೂ ಖಾತರಿಯಿಲ್ಲ, ‘ರಿ’ ಬರೆದಾಗ ಕೂಡಿಕೊಳ್ಳುವ ಗುಣಿತ ಚಿಹ್ನೆಯನ್ನು ಕೆಲವು ತಂತ್ರಾಂಶ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಹಳೆಯ ಪಿಡಿಎಫ್‌ಗಳು ಯುನಿಕೋಡ್ ಅಲ್ಲದ ನುಡಿ, ಶ್ರೀಲಿಪಿ ತಂತ್ರಾಂಶಗಳ ಅಕ್ಷರಗಳಲ್ಲಿದ್ದರೆ ಹುಡುಕಾಟಕ್ಕೆ ಸಿಗುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಸಂಖ್ಯೆ ಸಣ್ಣದಿದ್ದರೆ ಕಣ್ಣಲ್ಲೇ ಓದುವುದು ಮೇಲು. ಇಡೀ ವರ್ಷ ಓದಬೇಕಿಲ್ಲ. ವರ್ಷದ ಎಲ್ಲ ಸೋಮವಾರಗಳಿಂದ ಚೀಟಿ ಎತ್ತಿ ಎರಡು ಸೋಮವಾರ, ಹಾಗೆಯೇ ಎರಡು ಮಂಗಳವಾರ, ಹೀಗೆ 14 ಸಂಚಿಕೆ ಆರಿಸಿಕೊಂಡರೆ ದಿನಪತ್ರಿಕೆಯ ಒಂದು ವರ್ಷಕ್ಕೆ ಸಾಲುತ್ತದೆ ಎಂದು ಡೇನಿಯಲ್ ರಿಫ್ ಮತ್ತು ಜೊತೆಗಾರರು 1993ರಲ್ಲಿ ಕಂಡುಕೊಂಡರು. ಅಪರೂಪಕ್ಕೊಮ್ಮೆ ಬರುವ ವಿಷಯಕ್ಕೆ ಮಾತ್ರ ಈ ಲೆಕ್ಕ ಹೊಂದದು.

ಚೌಕಟ್ಟಿಗೆ ಬರೋಣ. ಸುದ್ದಿ ಬಾಗಿಲು ದಾಟಿತು. ಉಪಸಂಪಾದಕನ ಮುಂದೆ ಈಗ ನಾಲ್ಕು ತಲೆಬರಹಗಳಿವೆ:

ಖಾಲಿ ಕೊಡ ಹಿಡಿದು ಮಹಿಳೆಯರ ಪ್ರತಿಭಟನೆ
ಹೆದ್ದಾರಿ ತಡೆ: ಪ್ರಯಾಣಿಕರ ಪರದಾಟ
ಬತ್ತಿದ ಕೊಳವೆಬಾವಿ, ನೀರಿಗೆ ಹಾಹಾಕಾರ
ಪೈಪ್ ಹಾಕಿ ವರ್ಷವಾದರೂ ಬಾರದ ನೀರು

ನಾಲ್ಕೂ ಸತ್ಯ. ಸಮಸ್ಯೆ ಏನು, ಕಾರಣ ಯಾರು, ತಪ್ಪು ಯಾರದು, ಪರಿಹಾರ ಏನು ಎಂಬ ನಾಲ್ಕು ಕೆಲಸಗಳನ್ನು ಚೌಕಟ್ಟು ಮಾಡುತ್ತದೆ ಎಂದು ರಾಬರ್ಟ್ ಎಂಟ್‌ಮನ್ 1993ರಲ್ಲಿ ಹೇಳಿದ. ಆ ಸಾಣೆಗೆ ಹಿಡಿದು ನೋಡಿ. ಎರಡನೆಯದರಲ್ಲಿ ಸಮಸ್ಯೆ ಸಂಚಾರ, ಕಾರಣ ಹೆಂಗಸರು, ಪರಿಹಾರ ಪೊಲೀಸರು. ಮೂರನೆಯದರಲ್ಲಿ ಕಾರಣ ಮಳೆರಾಯ, ಹಾಗಾಗಿ ತಪ್ಪು ಯಾರದೂ ಅಲ್ಲ. ನಾಲ್ಕನೆಯದರಲ್ಲಿ ಮಾತ್ರ ಯಾವುದೋ ಕಚೇರಿಯಲ್ಲಿ ಒಂದು ಕಡತ ಇದೆ ಎಂಬುದು ಕಾಣುತ್ತದೆ. ಮೊದಲನೆಯದು ಯಾವುದನ್ನೂ ಹೇಳುವುದಿಲ್ಲ. ಅಂದಿನ ಘಟನೆ ಅಂದಿಗೆ. ಹೀಗೆ ಬಿಡಿ ಘಟನೆಯಾಗಿ ತೋರಿಸಿದರೆ ನೋಡುಗರು ಹೊಣೆಯನ್ನು ವ್ಯಕ್ತಿಗಳ ಮೇಲೆ ಹಾಕುವ ಸಾಧ್ಯತೆ ಹೆಚ್ಚು ಎಂದು ಶಾಂತೋ ಅಯ್ಯಂಗಾರ್ ಟಿ.ವಿ. ಸುದ್ದಿಯ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಅಂದಹಾಗೆ, ಖಾಲಿ ಕೊಡದ ಫೋಟೊ ಎಷ್ಟು ಸವೆದಿದೆಯೆಂದರೆ, ಫೋಟೊಗ್ರಾಫರ್ ಬರುವ ಹೊತ್ತಿಗೆ ಕೊಡಗಳು ತಾವೇ ಸಾಲಾಗಿ ನಿಂತಿರುತ್ತವೆ.

ಕನ್ನಡದಲ್ಲಿ ಚೌಕಟ್ಟು ಅಡಗಿ ಕೂರುವ ಜಾಗ ವಾಕ್ಯದ ಕೊನೆ. ಅಧಿಕಾರಿ ‘ಸ್ಪಷ್ಟಪಡಿಸಿದರು’, ಗ್ರಾಮಸ್ಥರು ‘ಆರೋಪಿಸಿದರು’. ಮೊದಲನೆಯ ಕ್ರಿಯಾಪದದಲ್ಲಿ ಮಾತು ನಿಜವೆಂದು ಮುದ್ರೆ ಬಿತ್ತು, ಎರಡನೆಯದರಲ್ಲಿ ಅನುಮಾನ ಉಳಿಯಿತು. ವಿರೋಧ ಪಕ್ಷದವರು ಕಿಡಿಕಾರುತ್ತಾರೆ, ಹರಿಹಾಯುತ್ತಾರೆ. ಮಂತ್ರಿ ಸಮರ್ಥಿಸಿಕೊಳ್ಳುತ್ತಾರೆ ಅಥವಾ ಜಾರಿಕೊಳ್ಳುತ್ತಾರೆ. ‘ಹೇಳಿದರು’ ಎಂಬ ನಿರಪಾಯದ ಪದ ಡೆಸ್ಕಿನಲ್ಲಿ ಸಪ್ಪೆ ಎನಿಸಿಕೊಂಡು ಮೂಲೆ ಸೇರಿದೆ. ಕರ್ತೃವನ್ನೇ ಮಾಯ ಮಾಡುವ ‘ವಿಳಂಬವಾಗಿದೆ’, ‘ಅನುದಾನ ಬಳಕೆಯಾಗಿಲ್ಲ’ ರೀತಿಯ ವಾಕ್ಯಗಳನ್ನೂ ಎಣಿಸಬೇಕು. ಎಣಿಸುವವರು ತಲೆಬರಹವನ್ನಷ್ಟೇ ಓದಿದರೆ ಇವೆಲ್ಲ ಜಾರಿಹೋಗುತ್ತವೆ.

ಎಣಿಕೆ ಇಬ್ಬರು ಮಾಡಬೇಕು, ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ. ಆಮೇಲೆ ‘ಶೇ 84ರಷ್ಟು ಒಮ್ಮತ’ ಎಂದು ಬರೆದು ನಿಟ್ಟುಸಿರು ಬಿಡುವುದು ರೂಢಿ. ಆ 84ರೊಳಗೆ ಇಣುಕಿ ನೋಡಿ. 100 ಸುದ್ದಿ, ಒಬ್ಬೊಬ್ಬರೂ ತಮ್ಮ ಪಟ್ಟಿಯಲ್ಲಿ 90ನ್ನು ‘ತಟಸ್ಥ’, 10ನ್ನು ‘ಆಡಳಿತ ಹೊಣೆ’ ಎಂದು ಗುರುತಿಸಿದ್ದಾರೆ. ಇದೇ ಪ್ರಮಾಣದಲ್ಲಿ ಕಣ್ಣು ಮುಚ್ಚಿ ಗುರುತು ಹಾಕಿದ್ದರೂ ಶೇ 82ರಷ್ಟು ಹೊಂದಿಕೆಯಾಗುತ್ತಿತ್ತು. ಆಕಸ್ಮಿಕವನ್ನು ಕಳೆದು ನೋಡುವ ಕೋಹೆನ್ ಕಪ್ಪಾ ಇಲ್ಲಿ 0.11, ಸೊನ್ನೆಗೆ ಸಮೀಪ. ಒಬ್ಬೊಬ್ಬರೂ ಕಂಡ ಹತ್ತು ‘ಆಡಳಿತ ಹೊಣೆ’ ಸುದ್ದಿಗಳಲ್ಲಿ ಇಬ್ಬರಿಗೂ ಸಮನಾಗಿ ಕಂಡದ್ದು ಎರಡೇ. ಸಂಶೋಧನೆ ನಿಂತಿರುವುದೇ ಆ ಹತ್ತರ ಮೇಲೆ. ಸಾಮಾನ್ಯವಾಗಿ 0.80 ಮೇಲಿದ್ದರೆ ನೆಮ್ಮದಿ, 0.67ಕ್ಕಿಂತ ಕೆಳಗಿದ್ದರೆ ಸಂಕೇತ ಕೈಪಿಡಿಯನ್ನು (ಯಾವುದನ್ನು ಹೇಗೆ ಗುರುತಿಸಬೇಕೆಂಬ ನಿಯಮಗಳನ್ನು) ಮತ್ತೆ ಬರೆಯಬೇಕು, ಎಣಿಸುವವರನ್ನು ಬೈಯಬಾರದು.

ಹೆಚ್ಚಿನ ಸಲ ತಪ್ಪು ಕೈಪಿಡಿಯ ‘ಸುದ್ದಿಯ ಒಟ್ಟಾರೆ ಧೋರಣೆ’ ರೀತಿಯ ಸಾಲಿನಲ್ಲಿರುತ್ತದೆ. ಅದನ್ನು ಹೌದು-ಇಲ್ಲ ಪ್ರಶ್ನೆಗಳಾಗಿ ಒಡೆಯಿರಿ. ಮೊದಲ ಎರಡು ಪ್ಯಾರಾಗಳಲ್ಲಿ ಯಾವುದಾದರೂ ಇಲಾಖೆ ಅಥವಾ ಸಂಸ್ಥೆಯ ಹೆಸರು ಇದೆಯೇ? ನೀರಿಲ್ಲದ್ದಕ್ಕೆ ಕಾರಣ ಕೊಟ್ಟಿದೆಯೇ? ಆ ಕಾರಣ ಮನುಷ್ಯರು ಮಾಡಿದ ಅಥವಾ ಮಾಡದೇ ಬಿಟ್ಟ ಕೆಲಸವೇ? ಗ್ರಾಮಸ್ಥರ ಮಾತಿಗೆ ಬಳಸಿದ ಕ್ರಿಯಾಪದ ಯಾವುದು? ಬೇರೆ 20 ಸುದ್ದಿಗಳ ಮೇಲೆ ಪ್ರಯೋಗ ಮಾಡಿ, ತಕರಾರು ಬಂದ ಕಡೆ ಉದಾಹರಣೆ ವಾಕ್ಯ ಸೇರಿಸಿ. ಪ್ರಯೋಗಕ್ಕೆ ಬಳಸಿದ ಆ 20ನ್ನು ಅಂತಿಮ ಎಣಿಕೆಯಿಂದ ಹೊರಗಿಡಿ.